ಕಲ್ಯಾಣಿಯ ಕೆಂಪು ಕುರ್ಚಿ

“ಹನ್ನೊಂದು ವರ್ಷದಿಂದ ಹಳೇ ಬಟ್ಟೆ ಮುಟ್ತಿದೀಯ, ಇನ್ನೂ ಕಡ್ಡಿ ಗೀರ್ತೀಯಲ್ಲೇ ಮುಂಡೆ! ಕಲ್ಯಾಣೀನ ನೋಡ್ಕೊಂಡು ಕಲಿ.”

ತಿಮ್ಮರಾಯಪ್ಪ ನನ್ನ ಬೆಂಕಿಪೊಟ್ಟಣವನ್ನು ಚಪ್ಪಲಿ ಕಾಲಿನಿಂದ ಒದ್ದ. ಹುಳಿಮಾವಿನಲ್ಲಿ ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಅವನ ಶೆಡ್ಡು. ಜಯನಗರ, ಜೆ.ಪಿ. ನಗರದ ಮನೆಗಳು ಬಿಸಾಡಿದ ಬಟ್ಟೆಯೆಲ್ಲ ಇಲ್ಲಿಗೆ ಬರುತ್ತದೆ. ಗುಂಡಿ, ಜಿಪ್ಪು ಕತ್ತರಿಸಿ ನಾವು ಪಾಲಿಯೆಸ್ಟರನ್ನು ಬೇರೆ ಮಾಡುತ್ತೇವೆ. ಕಾರ್ಖಾನೆಯವರು ಅದನ್ನು ಕರಗಿಸಿ ಹೊಸ ನೂಲು ತೆಗೆಯುತ್ತಾರೆ. ನಡುವೆ ಹತ್ತಿ ಸಿಕ್ಕಿದರೆ ಮೂಟೆ ವಾಪಸ್ಸು. ಅನುಮಾನ ಬಂದಾಗ ನಾನು ಒಂದು ಎಳೆ ಸುಟ್ಟು ನೋಡುತ್ತೇನೆ. ಬೂದಿಯಾದರೆ ಹತ್ತಿ, ಕರಗಿ ಮಣಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್.

ಕಲ್ಯಾಣಿಗೆ ಕಡ್ಡಿ ಬೇಡ. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು. ಹೋದ ವರ್ಷ ಬಂದವಳು. ಯುಗಾದಿ ಕಳೆದ ಮೇಲೆ ತಿಮ್ಮರಾಯಪ್ಪ ಅವಳಿಗೊಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ಎಲ್ಲರ ರಾಶಿ ನೋಡುವ ಕೆಲಸಕ್ಕೆ ಹಾಕಿದ.

“ಸುಧಕ್ಕ, ಅದು ಹತ್ತಿ ಮಿಕ್ಸು, ಆ ಕಡೆ ಹಾಕಿ,” ಎನ್ನುತ್ತಾಳೆ, ಬಗ್ಗದೆ.

ನೆಲದಿಂದ ಏಳುವಾಗ ನನ್ನ ಮಂಡಿ ಲಟಕ್ಕೆನ್ನುತ್ತದೆ. ಮನೆಯಲ್ಲಿ ಮಗಳು ಮೈತ್ರಿ ಆ ಸದ್ದಿಗೆ ನಗುತ್ತಾಳೆ, ಆಮೇಲೆ ಎಣ್ಣೆ ತರುತ್ತಾಳೆ. ಒಂದು ದಿನ ಕಲ್ಯಾಣಿ ಕೈ ತೊಳೆಯಲು ಹೋದಾಗ ಕುರ್ಚಿಯಲ್ಲಿ ಕೂತು ನೋಡಿದೆ. ಇನ್ನೂ ಬೆಚ್ಚಗಿತ್ತು. ಹೊಟ್ಟೆ ಉರಿದುಹೋಯಿತು.

ಅವತ್ತೇ, ಅವಳು ನೋಡಿ ಮುಗಿಸಿದ್ದ ರಾಶಿಯೊಳಗೆ ಒಂದು ಹತ್ತಿ ಲಂಗ ತುರುಕಿದೆ.

ನಾಲ್ಕನೇ ದಿನ ಮೂಟೆ ವಾಪಸ್ಸು ಬಂತು. ತಿಮ್ಮರಾಯಪ್ಪ ಅದರೊಳಗಿಂದ ಲಂಗವನ್ನು ಎಳೆದ. ಯಾರದೋ ಮನೆಯ ಕಲೆ ಇನ್ನೂ ಅದರ ಮೇಲಿತ್ತು.

“ನಿಮ್ ಜನಕ್ಕೆ ಕುರ್ಚಿ ಕೊಟ್ರೆ ಇದೇ ಹಣೆಬರ. ಕಚ್ಕೊಳೇ! ಬಾಯಲ್ಲಿ ಕಚ್ಕೊಂಡು ನಿಂತ್ಕೊ, ಸಂಜೆ ತನ್ಕ.”

“ನಾನ್ ನೋಡ್ದಾಗ ಇರ್ಲಿಲ್ಲ ಸಾರ್, ನಮ್ಮವ್ವನಾಣೆ...”

ಅವನೇ ಲಂಗವನ್ನು ಅವಳ ಬಾಯಿಗೆ ತುರುಕಿದ. ನಾವು ಹದಿನಾಲ್ಕು ಹೆಂಗಸರು ನಮ್ಮ ನಮ್ಮ ಕತ್ತರಿ ನೋಡಿಕೊಂಡು ಕೂತೆವು.

“ಸುಧಾಮಣಿ, ಬಾರೇ ಇಲ್ಲಿ. ಕುರ್ಚಿ ಇನ್ಮೇಲೆ ನಿಂದು. ಕಡ್ಡಿ ಗೀರಿದ್ರೂ ಪರ್ವಾಗಿಲ್ಲ, ನಿಯತ್ತಿದೆ ನಿಂಗೆ.”

ಕೂತೆ. ಮಂಡಿಗೆ ಎಷ್ಟು ಹಿತವಾಯಿತು! ಕಲ್ಯಾಣಿ ಎದುರಿಗೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ಕುರ್ಚಿಯನ್ನೇ ನೋಡುತ್ತಿದ್ದಳು, ಇಷ್ಟು ದಿನ ನಾನು ನೋಡುತ್ತಿದ್ದ ಹಾಗೆಯೇ.

ಎದ್ದೆ. ಅವಳ ಬಾಯಿಂದ ಲಂಗ ಕಿತ್ತುಕೊಂಡೆ.

“ಇದನ್ನ ಹಾಕಿದ್ದು ನಾನು, ಹೊಟ್ಟೆಕಿಚ್ಚಿಗೆ,” ಎಂದೆ. “ಬಾರೋ ಬೋಳಿಮಗನೆ, ನಂಗೆ ಕಚ್ಚಿಸು ನೋಡ್ತೀನಿ.”

ಕುರ್ಚಿಯನ್ನು ಎತ್ತಿ, ಮೂಟೆ ಒತ್ತುವ ಯಂತ್ರದೊಳಗೆ ಹಾಕಿದೆ.

“ಏಯ್, ಕುರ್ಚಿ ಕಣೇ ಅದು!”

“ಹತ್ತಿ ಅಲ್ವಲ್ಲ. ಕರಗುತ್ತೆ ಬಿಡು.”

ಕಲ್ಯಾಣಿ ಹತ್ತಿರ ಬಂದು ನನ್ನ ಮುಖಕ್ಕೆ ಉಗಿದಳು. ಆಮೇಲೆ ಯಂತ್ರದ ಹಸಿರು ಬಟನ್ ಒತ್ತಿದಳು.