ಗೊಳಸಂಗಿ ಬಾವಿಯ ಏಳು ಇಂಚು

ಪ್ರಿಯದರ್ಶಿನಿ ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತಿದ್ದಳು. ಕಾಲೇಜಿಗೆ ಕಂಪ್ಯೂಟರ್ ಬಂದು ಎರಡು ವರ್ಷವಾಗಿದ್ದರೂ ಅದರ ಹೊದಿಕೆ ತೆಗೆದು ಕೂತವಳು ಅವಳೊಬ್ಬಳೇ. ೨೦೦೪ರ ಬೇಸಿಗೆಯಲ್ಲಿ ಅವಳು ಗೊಳಸಂಗಿಯ ಊರಬಾವಿಯ ನೀರು ವಾರವಾರ ಎಷ್ಟು ಇಳಿಯುತ್ತದೆ, ಎಷ್ಟು ಏರುತ್ತದೆ ಎಂದು ಗ್ರಾಫ್ ಮಾಡಿ ವಿಜಾಪುರದ ಸೆಮಿನಾರಿನಲ್ಲಿ ತೋರಿಸಬೇಕಿತ್ತು. ಅಳತೆ ಹಿಡಿದವನು ಕಾಲೇಜಿನ ಜವಾನ ಯಂಕಪ್ಪ, ಗೊಳಸಂಗಿಯವನೇ. ಎರಡು ವರ್ಷ ಒಂದು ರವಿವಾರವೂ ತಪ್ಪಿಸದೆ ಬಾವಿಗೆ ಟೇಪು ಇಳಿಬಿಟ್ಟು, ಫೂಟು ಎಷ್ಟು, ಇಂಚು ಎಷ್ಟು ಎಂದು ವಹಿಯಲ್ಲಿ ಬರೆದಿದ್ದ. ಆಫೀಸಿನ ಟೈಪಿಸ್ಟ್ ಅದನ್ನು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ. ಪ್ರಿಯದರ್ಶಿನಿ ವಹಿಯನ್ನು ಒಮ್ಮೆಯೂ ಬಿಚ್ಚಿರಲಿಲ್ಲ.

ಗ್ರಾಫ್ ಬರೆಯುವುದು ಗ್ನೂಪ್ಲಾಟ್ ಎಂಬ ಪ್ರೋಗ್ರಾಂ. ಅವಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಲೆಕ್ಕ ಮಾಡಿ, ಅಲ್ಲಿಂದಲೇ ಅದಕ್ಕೆ ಅಂಕಿಗಳನ್ನು ಕಳಿಸುತ್ತಿದ್ದಳು. ಮೊದಲು ಮೂರು ದಿನ ಗ್ರಾಫ್ ನಿಲ್ಲಲೇ ಇಲ್ಲ. ಪರದೆಯ ಮೇಲೆ ಮಿಂಚಿ ಮಾಯವಾಗುತ್ತಿತ್ತು. ಪೈಥಾನ್ ತನ್ನ ಕೆಲಸ ಮುಗಿಸಿ ಹೋಗುವಾಗ ಗ್ನೂಪ್ಲಾಟನ್ನೂ ಮುಚ್ಚಿಕೊಂಡು ಹೋಗುತ್ತಿದೆ ಎಂದು ನಾಲ್ಕನೆಯ ದಿನ ಹೊಳೆಯಿತು. ಎಂಟರ್ ಒತ್ತುವವರೆಗೆ ಕಾಯಲಿ ಎಂದು ಒಂದು ಸಾಲು ಸೇರಿಸಿದಳು. ಹಿಗ್ಗು ತಡೆಯಲಾರದೆ, ತಾನೇ ಪೂರ್ತಿ ನೋಡುವ ಮೊದಲು ಪ್ರಿನ್ಸಿಪಾಲ್ ಬಸಂತರಾಯರನ್ನೂ ಸ್ಟಾಫ್ ರೂಮಿನವರನ್ನೂ ಕರೆದುಬಿಟ್ಟಳು.

ಗ್ರಾಫ್ ಬಂತು, ನಿಂತಿತು. ಆದರೆ ಗೆರೆ ಐದಾರು ವಾರ ಅಡ್ಡಕ್ಕೆ ಹೋಗಿ, ಥಟ್ಟನೆ ಒಂದು ಫೂಟು ಕೆಳಗೆ ಬಿದ್ದು, ಮತ್ತೆ ಅಡ್ಡಕ್ಕೆ ಹೋಗಿ, ಮೆಟ್ಟಿಲುಮೆಟ್ಟಿಲಾಗಿ ನಿಂತಿತ್ತು.

"ಇದೇನ್ರಿ, ಬಾವ್ಯಾಗಿನ ನೀರೋ, ಮಾಳಗಿ ಪಾವಟಿಗಿಯೋ?" ಎಂದರು ಬಸಂತರಾಯರು. ಎಲ್ಲರೂ ನಕ್ಕರು.

ಪ್ರಿಯದರ್ಶಿನಿಯ ಕಿವಿ ಬಿಸಿಯಾಯಿತು. ಅದೇ ಹೊತ್ತಿಗೆ ಯಂಕಪ್ಪ ಚಹಾದ ತಾಟು ಹಿಡಿದು ಒಳಗೆ ಬಂದ. ಅವಳು ಅವನತ್ತ ತಿರುಗಿದಳು.

"ಯಂಕಪ್ಪ, ಖರೇ ಹೇಳ್ರಿ. ಬಾವಿಗೆ ಹೋಗಿ ಅಳದೀರೋ, ಮನ್ಯಾಗ ಕುಂತು ಮನಸಿಗೆ ಬಂದಂಗ ಬರದೀರೋ?"

ಯಂಕಪ್ಪ ತಾಟು ಮೇಜಿನ ಮೇಲಿಟ್ಟ. "ಅಳದೇನ್ರಿ ಬಾಯಾರ. ವಹಿ ನೋಡ್ರಿ."

"ವಹಿ ಏನ್ ನೋಡೂದು? ಇಲ್ಲೇ ಕಾಣಾಕತ್ತೇತಲ್ಲ."

ಯಂಕಪ್ಪ ಚಹಾ ಹಂಚಿ, ಆಫೀಸಿಗೆ ಹೋಗಿ ತನ್ನ ಚೀಲದಲ್ಲಿದ್ದ ಟೇಪನ್ನು ಅಲ್ಲಿಯ ಕಪಾಟಿನಲ್ಲಿ ವಹಿಯ ಪಕ್ಕ ಇಟ್ಟು ಬಂದ.

ಎರಡು ವಾರ ಟೇಪು ಅಲ್ಲೇ ಇತ್ತು. ಸೆಮಿನಾರಿಗೆ ಬೇರೆ ವಿಷಯ ಹುಡುಕುವ ಮುಂಚೆ ಒಂದು ಮಧ್ಯಾಹ್ನ, ಪೈಥಾನನ್ನು ಬದಿಗಿಟ್ಟು, ಟೈಪಿಸ್ಟ್ ಕೊಟ್ಟ ಫೈಲನ್ನೇ ನೇರವಾಗಿ ಗ್ನೂಪ್ಲಾಟಿಗೆ ಕೊಟ್ಟು, ಫೂಟು-ಇಂಚು ಕೂಡಿಸುವುದನ್ನೂ ಅದಕ್ಕೇ ಬಿಟ್ಟು ನೋಡಿದಳು. ಈ ಸಲ ಗೆರೆ ನುಣ್ಣಗೆ ಬಾಗುತ್ತ ಇಳಿಯಿತು, ಏರಿತು. ಒಂದೂ ಮೆಟ್ಟಿಲಿಲ್ಲ. ಅಂಕಿಗಳು ಸರಿ ಇದ್ದವು; ನಡುವೆ ಅವಳು ಬರೆದ ಲೆಕ್ಕವೇ ಕೆಟ್ಟಿತ್ತು. ಇಂಚನ್ನು ಫೂಟು ಮಾಡಲು ಹನ್ನೆರಡರಿಂದ ಭಾಗಿಸಿದ್ದಳು. ಏಳು ಭಾಗಿಸು ಹನ್ನೆರಡು ಎಂದು ಟೈಪ್ ಮಾಡಿದಳು. ಪೈಥಾನ್ ಸೊನ್ನೆ ಎಂದಿತು. ಪೂರ್ಣ ಸಂಖ್ಯೆ ಕೊಟ್ಟರೆ ಅದು ಪೂರ್ಣ ಸಂಖ್ಯೆಯನ್ನೇ ಹಿಂದಿರುಗಿಸಿ ಉಳಿದದ್ದನ್ನು ಚೆಲ್ಲಿಬಿಡುತ್ತಿತ್ತು. ಹನ್ನೆರಡರ ಮುಂದೆ ಒಂದು ಚುಕ್ಕೆ, ಒಂದು ಸೊನ್ನೆ ಹಾಕಿ ಅದನ್ನು ದಶಮಾಂಶ ಮಾಡಿದಳು. ಎಲ್ಲ ಸರಿಯಾಯಿತು.

ಆಗ ಕಪಾಟಿನಲ್ಲಿ ಟೇಪಿನ ಪಕ್ಕ ಇದ್ದ ವಹಿಯನ್ನು ತೆಗೆದು ಬಿಚ್ಚಿದಳು. ಇಪ್ಪತ್ತಮೂರು ಫೂಟು ಏಳು ಇಂಚು. ಇಪ್ಪತ್ತಮೂರು ಫೂಟು ಒಂಬತ್ತು ಇಂಚು. ಒಂದು ಕಡೆ 'ಮಳಿ ಜೋರ, ಎರಡ ಸಲ ಅಳದೇನಿ' ಎಂದಿತ್ತು. ಅವಳಿಗೆ ಆ ಹಾಳೆಯನ್ನು ಮುಂದೆ ಓದಲಾಗಲಿಲ್ಲ.

ಅಷ್ಟಾದರೂ ಸಂಜೆ ಬಸಂತರಾಯರು ಕೇಳಿದಾಗ, "ಸಾಫ್ಟ್‌ವೇರ್‌ದಾಗ ಏನೋ ತೊಂದ್ರಿ ಇತ್ರೀ ಸರ್, ಸರಿ ಆತು" ಎಂದಳು. ಮಾತು ಬಾಯಿಂದ ಹೊರಬೀಳುತ್ತಿದ್ದಂತೆಯೇ ಹೇಸಿಗೆಯಾಯಿತು. ಸಾಫ್ಟ್‌ವೇರ್ ಏನೂ ಮಾಡಿರಲಿಲ್ಲ.

ರವಿವಾರ ಬಸ್ಸು ಹತ್ತಿ ಗೊಳಸಂಗಿಗೆ ಹೋದಳು. ಯಂಕಪ್ಪನ ಹೆಂಡತಿ ತಿಪ್ಪವ್ವ ಚಾಪೆ ಹಾಸಿ, ನೀರು ಕೊಟ್ಟು ಒಳಗೆ ಹೋದಳು. ಪ್ರಿಯದರ್ಶಿನಿ ಕೂರಲಿಲ್ಲ.

"ಯಂಕಪ್ಪ, ತಪ್ಪು ನಂದು. ನೀವು ಅಳದದ್ದೆಲ್ಲಾ ಬರೋಬ್ಬರಿ ಐತಿ. ಇಂಚು ನಾನಽ ಕಳಕೊಂಡಿದ್ನಿ."

ಯಂಕಪ್ಪ ಕಂಬಕ್ಕೆ ಒರಗಿದ. "ಚಲೋ ಆತ್ರಿ ಬಾಯಾರ. ಆದ್ರ ಇಲ್ಲಿ ನಾವಿಬ್ಬರೇ ಅದೀವಿ. ಅವತ್ತ ಎಲ್ಲಾರ ಮುಂದ ಅಂದಿದ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಕುಗ್ಗಿಸಿತು.

ಸೋಮವಾರ ಅವಳು ಮತ್ತೆ ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕರೆದಳು, ಯಂಕಪ್ಪನನ್ನೂ. ಏಳನ್ನು ಹನ್ನೆರಡರಿಂದ ಭಾಗಿಸಿ, ಬಂದ ಸೊನ್ನೆಯನ್ನು ತೋರಿಸಿದಳು. "ಮೊನ್ನೆ ಸಾಫ್ಟ್‌ವೇರ್ ತಪ್ಪು ಅಂದಿದ್ನಿ, ಸುಳ್ಳರಿ. ಲೆಕ್ಕಾ ಬರದಾಕಿ ನಾನು. ವಹಿ ನೋಡ್ರಿ ಅಂದ್ರೂ ನೋಡ್ಲಿಲ್ಲ. ಯಂಕಪ್ಪ ಅವರಿಗೆ ಸುಳ್ಳ ಬರದೀರಿ ಅಂದ್ನಿ." ಈ ಸಲ ಯಾರೂ ನಗಲಿಲ್ಲ, ಯಾರೂ ಅವಳನ್ನು ನೋಡಲೂ ಇಲ್ಲ. ಬಸಂತರಾಯರು ಕನ್ನಡಕ ಒರೆಸಿಕೊಳ್ಳುತ್ತ ನಿಂತರು. ಯಂಕಪ್ಪ ಪರದೆಯ ಮೇಲಿನ ಗೆರೆಯನ್ನು ಬಗ್ಗಿ ನೋಡಿದ.

"ಇಲ್ಲ್ಯಾಕ ಹರದೈತ್ರಿ?" ಎಂದು ಗೆರೆ ಮುಗಿದು ಖಾಲಿ ಉಳಿದ ಕೊನೆಯ ತುದಿಗೆ ಬೆರಳು ಮಾಡಿದ.

"ಅವು ನೀವು ಅಳೀಲಾರದ ಮೂರು ವಾರ."

"ಹೌದಲ್ಲ," ಎಂದ ಯಂಕಪ್ಪ. "ಈ ರವಿವಾರ ಬರ್ರಿ ಬಾಯಾರ. ಟೇಪ ನೀವಽ ಇಳಿಬಿಡ್ರಿ. ನಾ ಜೋಡಿ ನಿಂದರ್ತೇನಿ."

ಅವಳು ತಲೆಯಾಡಿಸಿದಳು; ಮುಖವೆತ್ತಿ ಅವನನ್ನು ನೋಡುವುದು ಆಗಲೂ ಆಗಲಿಲ್ಲ.