ಚಿನಕುರುಳಿಯ ಜೂಡೋ, ಅಮ್ಮನ ಪ್ರಶ್ನೆಗಳು

ಹಾಸಿಗೆ ಅಂಗಡಿಯಲ್ಲಿ ಆ ದಿನ ಬೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಯಂತ್ರದ ಮುಂದೆ ಅಮ್ಮ, ಹತ್ತಿಯ ರಾಶಿಯ ಹಿಂದೆ ಮಗಳು. ಇಬ್ಬರ ಮುಖವೂ ಆಗಷ್ಟೇ ತುಂಬಿಸಿಟ್ಟ ದಿಂಬಿನ ಹಾಗೆ ಊದಿಕೊಂಡಿತ್ತು.

ಮಗಳಿಗೆ ಬೀದಿಯವರು ಇಟ್ಟ ಹೆಸರು ಚಿನಕುರುಳಿ, ಚಟಪಟ ಸಿಡಿಯುವ ಪುಟ್ಟ ಪಟಾಕಿಯ ಹೆಸರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅವಳ ಶಾಲೆಯಲ್ಲಿ ಆ ವರ್ಷ ಜೂಡೋ ಶುರುವಾಗಿತ್ತು. ಎದುರಾಳಿಯ ಅಂಗಿ ಹಿಡಿದು, ಆಯ ತಪ್ಪಿಸಿ, ನೆಲಕ್ಕೆ ಕೆಡಹುವ ಆಟ. ಹುಡುಗಿ ಬಾಗಿಲಲ್ಲಿ ನಿಂತು ನೋಡಿ ನೋಡಿ ಮನಸೋತಿದ್ದಳು. ಸೇರುತ್ತೇನೆ ಎಂದು ಕೇಳಿದ್ದಕ್ಕೆ ಅಮ್ಮ ಒಂದೇ ಮಾತಿನಲ್ಲಿ "ಬೇಡ" ಎಂದುಬಿಟ್ಟಿದ್ದಳು.

ಊಟದ ಹೊತ್ತಿಗೆ ಬಂದ ಅಪ್ಪನಿಗೆ ಅಂಗಡಿಯ ಹವಾಮಾನ ತಿಳಿಯಲು ತಡವಾಗಲಿಲ್ಲ. ಅವನು ಬಸ್ ಡ್ರೈವರ್. ಮುಂದೆ ರಸ್ತೆ ಕೆಟ್ಟಿದೆಯೋ ಇಲ್ಲವೋ ಎಂದು ದೂರದಿಂದಲೇ ಗುರುತಿಸುವವನು.

"ಸೇರ್ಲಿ ಬಿಡೇ," ಎಂದ. "ಮೈ ಗಟ್ಟಿಯಾಗುತ್ತೆ."

"ಹೂಂ, ಗಟ್ಟಿ! ಕೈ ಮುರಿದ್ರೆ ನೀವು ಬಸ್ಸಲ್ಲಿರ್ತೀರಿ, ಓಡ್ಬೇಕಾದವಳು ನಾನು. ನನ್ನ ತಮ್ಮನ ಮೊಣಕೈ ನೋಡಿಲ್ವಾ? ಚಿಕ್ಕವನಿದ್ದಾಗ ಬಿದ್ದಿದ್ದು, ಇವತ್ತಿಗೂ ನೆಟ್ಟಗಾಗಿಲ್ಲ. ಅಂಗಿ ತೋಳು ತೊಡೋಕೂ ಒದ್ದಾಡ್ತಾನೆ."

"ಮಾವ ಬಿದ್ದಿದ್ದು ಮೆಟ್ಟಿಲ ಮೇಲಿಂದ!" ಹತ್ತಿಯ ರಾಶಿಯ ಹಿಂದಿನಿಂದ ಒಂದು ದನಿ ಬಂತು.

"ಬಾಯ್ಮುಚ್ಕೊಂಡು ಹತ್ತಿ ಬಿಡಿಸು."

ಅಷ್ಟರಲ್ಲಿ ದಿಂಬು ಒಯ್ಯಲು ಪಕ್ಕದ ಮನೆಯ ನರ್ಸಕ್ಕ ಬಂದಳು. ಆಸ್ಪತ್ರೆಯಲ್ಲಿ ಮೂಳೆ ಮುರಿದವರ ವಾರ್ಡಿನಲ್ಲಿ ಅವಳ ಕೆಲಸ. ಅಮ್ಮನಿಗೆ ಧೈರ್ಯ ಬಂತು. ತನ್ನ ಪರವಾಗಿ ಸಾಕ್ಷಿ ಹೇಳುವವರು ಸಿಕ್ಕರು ಎಂದುಕೊಂಡಳು.

"ನೀನೇ ಹೇಳಕ್ಕ. ದಿನಾ ನೋಡೋಳು ನೀನು. ಈ ಬೀಳೋ ಆಟ ಬೇಕಾ?"

ನರ್ಸಕ್ಕ ದಿಂಬನ್ನು ಒತ್ತಿ ನೋಡುತ್ತ, "ಏಟೇ ಆಗಲ್ಲ ಅಂತ ನಾನು ಹೇಳಲ್ಲ," ಎಂದಳು. "ಆಗುತ್ತೆ. ಬೆರಳು ಉಳುಕುತ್ತೆ, ಭುಜ ನೋಯುತ್ತೆ, ಒಂದೊಂದ್ಸಲ ಮೂಳೆಯೂ ಮುರಿಯುತ್ತೆ."

"ಕೇಳಿದ್ರಾ?" ಅಮ್ಮ ಗಂಡನ ಕಡೆ ತಿರುಗಿದಳು.

"ತಡಿ, ನನ್ನ ಮಾತು ಮುಗೀಲಿಲ್ಲ. ನನ್ನ ವಾರ್ಡಿಗೆ ಬರೋರಲ್ಲಿ ಬಚ್ಚಲಲ್ಲಿ ಜಾರಿದವರಿದ್ದಾರೆ, ಕುರ್ಚಿ ಹತ್ತಿ ಬಲ್ಬು ಹಾಕೋಕೆ ಹೋದವರಿದ್ದಾರೆ. ಅವರಿಗ್ಯಾರಿಗೂ ಬೀಳೋದು ಹೇಗೆ ಅಂತ ಯಾರೂ ಕಲಿಸಿರ್ಲಿಲ್ಲ. ಜೂಡೋದಲ್ಲಿ ಮೊದಲು ಕಲಿಸೋದೇ ಅದನ್ನ. ನಿನ್ನ ತಮ್ಮ ಮೆಟ್ಟಿಲಿಂದ ಬಿದ್ದ ಅಂತ ಇವಳಿಗೆ ಆಟ ಬೇಡ ಅಂದ್ರೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತೆ."

ಅಪ್ಪ ನಗು ತಡೆಯಲು ನೀರು ಕುಡಿದ. ನೀರು ನೆತ್ತಿಗೇರಿ ಕೆಮ್ಮಿದ.

"ನಗ್ಬೇಡಿ, ನಿಮಗೂ ಇದೆ," ಎಂದಳು ನರ್ಸಕ್ಕ. "ಸೇರ್ಲಿ ಬಿಡು ಅಂದ್ರಲ್ಲ, ಕಲಿಸೋರು ಯಾರು ಅಂತ ವಿಚಾರಿಸಿದ್ರಾ? ನೆಲದ ಮೇಲೆ ಏನು ಹಾಸಿದ್ದಾರೆ, ಪುಟ್ಟ ಮಕ್ಕಳನ್ನ ದೊಡ್ಡವರ ಎದುರು ಬಿಡ್ತಾರಾ, ಏಟಾದ್ರೆ ಏನ್ಮಾಡ್ತಾರೆ, ಕೇಳಿದ್ರಾ? ಕಣ್ಮುಚ್ಚಿ ಬೇಡ ಅನ್ನೋದೂ ತಪ್ಪು, ಕಣ್ಮುಚ್ಚಿ ಹೂಂ ಅನ್ನೋದೂ ತಪ್ಪು."

ಆಮೇಲೆ ಅಮ್ಮನಿಗೆ ಹೇಳಿದಳು: "ಹೋಗಿ ನೋಡು. ನೋಡಿದ ಮೇಲೂ ಬೇಡ ಅನ್ನಿಸಿದ್ರೆ ನಾನೇ ಇವಳನ್ನ ಕೂರಿಸಿ ಸಮಾಧಾನ ಹೇಳ್ತೀನಿ."

ಮರುದಿನ ಸಂಜೆ ಅಮ್ಮ ಶಾಲೆಗೆ ಹೋದಳು. ಜೂಡೋ ನಡೆಯುತ್ತಿದ್ದದ್ದು ಹಳೆಯ ಸಭಾಂಗಣದಲ್ಲಿ. ಕಿಟಕಿಗಳು ಎತ್ತರದಲ್ಲಿದ್ದವು. ಮುರಿದ ಬೆಂಚುಗಳನ್ನು ಮೂಲೆಗೆ ತಳ್ಳಿದ್ದರು. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಬೀಳುತ್ತಿದ್ದರು. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹಿಂದಕ್ಕೆ ಉರುಳಿ, ಅಂಗೈಯಿಂದ ಹಾಸನ್ನು ಫಟ್ಟೆಂದು ಹೊಡೆದು, ನಗುತ್ತಾ ಏಳುತ್ತಿದ್ದರು. ಮೊದಮೊದಲು ಫಟ್ಟೆಂದಾಗಲೆಲ್ಲ ಅಮ್ಮನ ಜೀವ ಬಾಯಿಗೆ ಬರುತ್ತಿತ್ತು. ಬರಬರುತ್ತಾ ಆ ಸದ್ದಿಗೆ ಕಿವಿ ಒಗ್ಗಿತು.

ಕಲಿಸುವಾಕೆ ಗಟ್ಟಿ ಮೈಕಟ್ಟಿನ, ಮೆಲುದನಿಯ ಹೆಂಗಸು. ತರಬೇತಿ ಪಡೆದು ಬಂದವಳು. ಅಮ್ಮ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟಳು.

"ಬೀಳೋದು ಸರಿಯಾಗಿ ಬರೋವರೆಗೂ ನಾನು ಯಾರನ್ನೂ ಕೆಡಹೋಕೆ ಬಿಡಲ್ಲ. ತೂಕ ನೋಡಿ ಜೋಡಿ ಮಾಡ್ತೀನಿ. ಸಾಕು ಅಂತ ಕೈ ತಟ್ಟಿದ್ರೆ ಆ ಕ್ಷಣ ಬಿಡ್ಬೇಕು. ಬಿಡದೆ ಇದ್ದವರು ಆ ದಿನ ಮನೆಗೆ."

"ತಲೆಗೆ ಏಟು ಬಿದ್ರೆ?"

"ಆವತ್ತಿಗೆ ಆಟ ಮುಗೀತು. ಎಷ್ಟೇ ದೊಡ್ಡ ಪಂದ್ಯ ಆಗ್ಲಿ. ಮನೆಗೆ ಹೇಳಿ, ಡಾಕ್ಟರ ಹತ್ರ ಕಳಿಸ್ತೀನಿ."

ಅಮ್ಮ ತಲೆದೂಗಿದಳು. ಆದರೆ ಹೊರಡುವ ಮೊದಲು ಚಪ್ಪಲಿ ಬಿಟ್ಟು, ಬಗ್ಗಿ, ಹಾಸಿನ ಮೇಲೆ ಕೈಯಾಡಿಸಿದಳು. ಅದು ಅವಳ ಕಸುಬಿನ ಅಭ್ಯಾಸ. ಹಾಸುಗಳು ಒಂದಕ್ಕೊಂದು ಕೂಡಿರಲಿಲ್ಲ. ನಡುವಿನ ಸಂದಿಯೊಳಗೆ ಅವಳ ಬೆರಳು ಸಲೀಸಾಗಿ ಇಳಿಯಿತು.

"ಇದೇನಿದು? ಇಲ್ಲಿ ಕಾಲ್ಬೆರಳು ಸಿಕ್ಕೊಂಡ್ರೆ? ಈ ಸಂದು ಮುಚ್ಚೋವರೆಗೂ ನನ್ನ ಮಗಳು ಇಲ್ಲಿ ಕಾಲಿಡಲ್ಲ."

ಕಲಿಸುವಾಕೆಯೂ ಬಗ್ಗಿ ಮುಟ್ಟಿ ನೋಡಿದಳು. ಅವಳ ಮುಖ ಕೆಂಪಾಯಿತು. "ಬೆಳಿಗ್ಗೆ ಜೋಡಿಸಿಟ್ಟಿದ್ದು, ಮಕ್ಕಳು ಉರುಳಿ ಉರುಳಿ ಸರಿದಿದೆ. ನೀವು ಹೇಳಿದ್ದು ಸರಿ. ಮುಚ್ಚೋವರೆಗೂ ಯಾರ ಮಕ್ಕಳೂ ಕಾಲಿಡಲ್ಲ." ಅಷ್ಟು ಹೇಳಿ ಅಲ್ಲೇ ತರಗತಿ ನಿಲ್ಲಿಸಿದಳು. ಮಕ್ಕಳೆಲ್ಲ "ಅಯ್ಯೋ" ಎಂದರು.

ಆ "ಅಯ್ಯೋ" ಕೇಳಿ ಅಮ್ಮನಿಗೆ ಒಂದು ಥರ ಆಯಿತು. ಮನೆಗೆ ಹೋದರೂ ಮನಸ್ಸು ಆ ಸಂದಿಯಲ್ಲೇ ಸಿಕ್ಕಿಕೊಂಡಿತ್ತು. ಕೊನೆಗೆ ದಪ್ಪ ಕ್ಯಾನ್ವಾಸ್ ಬಟ್ಟೆಯ ಸುರುಳಿ ಬಿಚ್ಚಿ ಕತ್ತರಿಸಲು ಕೂತಳು. ಅಷ್ಟೂ ಹಾಸುಗಳನ್ನು ಒಟ್ಟಿಗೆ ಬಿಗಿಯುವ ದೊಡ್ಡ ಹೊದಿಕೆಯೊಂದನ್ನು ಅಮ್ಮ ಮಗಳು ಸೇರಿ ಹೊಲಿದರು. ಅಮ್ಮ ಹೊಲಿಗೆ ಹಾಕಿದರೆ ಮಗಳು ಬಟ್ಟೆ ಎಳೆದು ಹಿಡಿಯುತ್ತಿದ್ದಳು. ಅಂಗಡಿಯಲ್ಲಿ ಜಾಗ ಸಾಲದೆ ಬಟ್ಟೆ ಬೀದಿಯವರೆಗೂ ಚಾಚಿತ್ತು. ಉಳಿದ ಚಿಂದಿಯಲ್ಲಿ ಸಭಾಂಗಣದ ಕಂಬಗಳಿಗೆ ಸುತ್ತುವ ಮೆತ್ತೆಗಳೂ ಆದವು. ಹೊದಿಕೆಯನ್ನು ಸಭಾಂಗಣಕ್ಕೆ ಒಯ್ದು, ಎಳೆದು, ಬಿಗಿದು ಕಟ್ಟಿದ ಮೇಲೆ ಅಮ್ಮ ಬೆರಳಿಂದ ಮತ್ತೆ ಸಂದಿ ಹುಡುಕಿದಳು. ಸಿಗಲಿಲ್ಲ.

"ಈಗ ಬೀಳು," ಎಂದಳು ಮಗಳಿಗೆ.

ಚಿನಕುರುಳಿ ಕಲಿತಳು. ಬಿದ್ದು ಬಿದ್ದು ಕಲಿತಳು. ಮೊದಲು ಅವಸರಕ್ಕೆ ಬೈಸಿಕೊಂಡಳು, ಆಮೇಲೆ ತಾಳ್ಮೆಗೆ ಹೊಗಳಿಸಿಕೊಂಡಳು. ಮನೆಯಲ್ಲಿ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ಮೊದಲಿನ ಹಾಗೆ ಮಾತುಮಾತಿಗೆ ಸಿಡಿಯುವುದು ಕಡಿಮೆಯಾಯಿತು. ಚಿನಕುರುಳಿಯ ಮದ್ದು ನೆನೆದುಹೋಯಿತಾ ಎಂದು ಅಪ್ಪ ಛೇಡಿಸುತ್ತಿದ್ದ.

ಶಾಲೆ ಶಾಲೆಗಳ ನಡುವಿನ ಪಂದ್ಯದ ದಿನ ಅಪ್ಪ ರಜೆ ಹಾಕಿ ಬಂದ. ಮಗಳು ಒಬ್ಬರಾದ ಮೇಲೊಬ್ಬರನ್ನು ಸೋಲಿಸುತ್ತಾ ಹೋದಳು. ಅಮ್ಮ ಕೆಂಡದ ಮೇಲೆ ಕೂತ ಹಾಗೆ ಕೂತಿದ್ದರೂ ಚಪ್ಪಾಳೆ ಅವಳದೇ ಜೋರು. ಫೈನಲ್‌ಗೆ ಮುಂಚಿನ ಪಂದ್ಯ. ಎದುರಾಳಿಯನ್ನು ಕೆಡಹುವ ಭರದಲ್ಲಿ ತಾನೂ ಬಿದ್ದ ಹುಡುಗಿ ಗದ್ದ ಒತ್ತುವುದನ್ನು ಮರೆತಳು. ತಲೆಯ ಹಿಂಭಾಗ ಹಾಸಿನ ಮೇಲೆ ಬಡಿಯಿತು.

ಎದ್ದಳು. ಗೆದ್ದದ್ದು ಅವಳೇ. ನಕ್ಕಳು ಕೂಡ. ಆದರೆ ಅಮ್ಮನೂ ಕಲಿಸುವಾಕೆಯೂ ಇದ್ದ ಪಕ್ಕಕ್ಕೆ ಬಂದವಳೇ, "ಮಿಸ್, ನನ್ನ ಸೆಮಿಫೈನಲ್ ಯಾವಾಗ?" ಎಂದು ಕೇಳಿದಳು.

ಕಲಿಸುವಾಕೆ ಅವಳನ್ನು ಮೆಲ್ಲಗೆ ಕೂರಿಸಿ, ಕಣ್ಣು ನೋಡಿ, "ಇವತ್ತಿಗೆ ಸಾಕು ಕಂದ," ಎಂದಳು. ಫೈನಲ್‌ನಿಂದ ಹುಡುಗಿಯ ಹೆಸರು ತೆಗೆಸಿದಳು.

ಅಪ್ಪ ಓಡಿಬಂದ. "ಮೇಡಂ, ನಡೀತಿದ್ದಾಳೆ, ನಗ್ತಿದ್ದಾಳೆ! ಇನ್ನೊಂದೇ ಪಂದ್ಯ. ಕೈಗೆ ಬಂದ ಪದಕ ಬಿಟ್ಬಿಡೋದಾ?"

ಸುತ್ತಲಿನವರೂ ಹೌದು ಹೌದೆಂದರು. ಅಷ್ಟು ಹೊತ್ತಿಗೆ ಹುಡುಗಿ ಅಳಲು ಶುರುಮಾಡಿದ್ದಳು. "ನಂಗೇನೂ ಆಗಿಲ್ಲ. ಅಮ್ಮ, ನೀನಾದ್ರೂ ಹೇಳಮ್ಮ!"

ಅಮ್ಮ ಮಗಳ ಮುಖ ನೋಡಿದಳು. ಆ ಪದಕ ಅವಳಿಗೂ ಬೇಕಿತ್ತು. ಅಷ್ಟು ಆಸೆ ತನಗಿದೆ ಎಂದು ಅವಳಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ.

"ಇಲ್ಲ," ಎಂದಳು. "ಈಗಷ್ಟೇ ಆಡಿದ ಪಂದ್ಯನೇ ನೆನಪಿಲ್ಲ, ಏನೂ ಆಗಿಲ್ವಂತೆ. ಪದಕ ಇನ್ನೊಂದು ಸಿಗುತ್ತೆ, ತಲೆ ಇನ್ನೊಂದು ಸಿಗಲ್ಲ. ರೀ, ಗಾಡಿ ನೋಡಿ, ಆಸ್ಪತ್ರೆಗೆ ಹೋಗೋಣ."

ಅಪ್ಪ ಗಾಡಿ ಹುಡುಕಲು ಹೋದ.

ಡಾಕ್ಟರು ಚೆನ್ನಾಗಿ ಪರೀಕ್ಷಿಸಿದರು. ಮಿದುಳು ಸ್ವಲ್ಪ ಅಲುಗಿದೆ, ಹೆದರಬೇಕಾಗಿಲ್ಲ, ಆದರೆ ವಿಶ್ರಾಂತಿ ಬೇಕು ಎಂದರು. "ಆಡಿಸದೆ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು. ಇದರ ಮೇಲೆ ಇನ್ನೊಂದು ಏಟು ಬಿದ್ದಿದ್ರೆ ಕಷ್ಟ ಇತ್ತು. ವಾಂತಿಯಾದ್ರೆ, ತಲೆನೋವು ಜಾಸ್ತಿಯಾದ್ರೆ, ಎಬ್ಬಿಸಿದ್ರೂ ಏಳದ ಹಾಗೆ ಮಂಪರಾದ್ರೆ ತಕ್ಷಣ ಬನ್ನಿ."

ಅಂಥದ್ದೇನೂ ಆಗಲಿಲ್ಲ. ನರ್ಸಕ್ಕ ಬೆಳಿಗ್ಗೆ ಸಂಜೆ ಬಂದು ನೋಡಿ ಹೋದಳು. ಅಪ್ಪ ಮಗಳ ಹಾಸಿಗೆಯ ಪಕ್ಕ ಕೂತು, "ನಾನು ಪದಕ ನೋಡ್ದೆ ಕಣೇ, ನಿನ್ನನ್ನ ನೋಡ್ಲಿಲ್ಲ," ಎಂದು ತಲೆ ತಗ್ಗಿಸಿದ. ಮೊಣಕೈ ನೆಟ್ಟಗಿಲ್ಲದ ಮಾವ ಬಂದು, "ನಾನು ಹೇಳ್ಲಿಲ್ವಾ? ಇನ್ನಾದ್ರೂ ಬಿಡಿಸು ಅಕ್ಕ," ಎಂದ.

ಮಗಳು ಕಣ್ಣು ಮುಚ್ಚಿಯೇ ಇದ್ದಳು. ನಿದ್ದೆ ಮಾತ್ರ ಬಂದಿರಲಿಲ್ಲ. ಮಾವ ಹೋದ ಮೇಲೆ ಮೆತ್ತಗೆ ಕೇಳಿದಳು.

"ಅಮ್ಮ, ಇನ್ಮೇಲೆ ಬೇಡ ಅಂತೀಯಾ?"

ಅಮ್ಮ ಅವಳ ಹೊದಿಕೆ ಸರಿಮಾಡಿದಳು. "ನೆಗಡಿ ಬಂತು ಅಂತ ಮೂಗು ಕುಯ್ಕೊಳ್ತಾರಾ? ತಲೆನೋವು ಪೂರ್ತಿ ಹೋಗ್ಲಿ. ಡಾಕ್ಟ್ರು ಹೂಂ ಅನ್ಲಿ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ನೋವನ್ನ ನನ್ನ ಹತ್ರ ಮುಚ್ಚಿಟ್ರೆ ಆವತ್ತೇ ಆಟ ಬಂದ್."

"ಮುಚ್ಚಿಡಲ್ಲ," ಎಂದಳು ಹುಡುಗಿ. ತಲೆಯ ಹಿಂಬದಿ ಮುಟ್ಟಿಕೊಂಡು, "ಈಗ ಒಂಚೂರು ನೋಯ್ತಿದೆ," ಎಂದಳು. ಅಮ್ಮ ದೀಪದ ಬೆಳಕು ತಗ್ಗಿಸಿ, ಅವಳು ನಿದ್ದೆ ಹೋಗುವವರೆಗೂ ಪಕ್ಕದಲ್ಲೇ ಕೂತಳು.

ಡಾಕ್ಟರು ಒಪ್ಪಿದ ದಿನ ಅಮ್ಮ ಅಂಗಡಿಯ ಬಾಗಿಲು ಬೇಗ ಹಾಕಿದಳು. ಮೊದಲು ಬರೀ ನಡಿಗೆ, ಆಮೇಲೆ ಓಟ, ಕೊನೆಗೆ ಹಾಸಿನ ಮೇಲೆ ಉರುಳಾಟ, ಹೀಗೆ ಹಂತಹಂತವಾಗಿ ಚಿನಕುರುಳಿ ಆಟಕ್ಕೆ ಮರಳಿದಳು.

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಇಂಥ ಆಟಕ್ಕೆ ಸೇರುತ್ತೇನೆ ಎಂದು ಹಟ ಹಿಡಿದಿರಬಹುದು. ಹೆದರಿಕೆಯಾಗುವುದು ಸಹಜ. ಆ ಹೆದರಿಕೆಯನ್ನು ಮನೆಯಲ್ಲಿ ಕೂರಿಸಬೇಡಿ, ಜೊತೆಗೆ ಕರೆದುಕೊಂಡು ಶಾಲೆಗೆ ಹೋಗಿ. ಕಲಿಸುವವರನ್ನು ಮಾತಾಡಿಸಿ, ನೆಲವನ್ನು ಕೈಯಿಂದ ಮುಟ್ಟಿ ನೋಡಿ, ಸರಿಯಿಲ್ಲದ್ದನ್ನು ಸರಿಮಾಡಿಸಿ. ತಲೆಗೆ ಏಟಾದ ಮಗುವನ್ನು ಆ ದಿನ ಯಾರು ಹೇಳಿದರೂ ಮತ್ತೆ ಆಡಿಸಬೇಡಿ, ವೈದ್ಯರಿಗೆ ತೋರಿಸಿ. ಇಷ್ಟು ಮಾಡಿದ ಮೇಲೆ ಮಗುವಿನ ಬೆನ್ನು ತಟ್ಟಿ, "ಹೋಗಿ ಆಡು" ಅನ್ನಿ.