ಹದಿನಾರನೆಯ ಏಟು

“ಏಟಿಗೆ ಹೋದ ಮಾನ ಬ್ಯಾಂಡು ಕೊಟ್ಟರೂ ಬಾರದು,” ಎಂದು ಗೊಣಗುತ್ತ, ತನ್ನ ಹೊಟ್ಟೆಗಿಂತ ದೊಡ್ಡದಾದ ಡ್ರಮ್ಮನ್ನು ತಬ್ಬಿಕೊಂಡು ಸ್ಕೇಲು ಚಿತಾಗಾರದ ಮೆಟ್ಟಿಲು ಹತ್ತುತ್ತಿದ್ದ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಹಿರಿಯರು ಹೇಳಿದ್ದಾರೆ. ಅವರು ಈ ಗಾದೆ ಕೇಳಿರಲಿಲ್ಲ. ಗಾದೆ ಹೇಗೂ ಕೆಟ್ಟಿತು, ಕತೆಯಾದರೂ ಅಪ್ಪಟ ನಿಜದ್ದಿರಲಿ. ನಡೆದದ್ದನ್ನು ನಡೆದ ಹಾಗೇ ಕೇಳಿ.

“ಏನದು ಗೊಣಗಾಟ?” ಎಂದು ಹಿಂದಿನಿಂದ ಟೀಚರು ಕೇಳಿದರು. ಅವರ ಹೆಗಲಲ್ಲಿ ತಾಳದ ತಟ್ಟೆಗಳ ಚೀಲ ಝಣಗುಟ್ಟುತ್ತಿತ್ತು.

“ಮೆಟ್ಟಿಲು ಎಣಿಸ್ತಿದ್ದೆ.”

“ಸಾವಿಗೆ ಬಂದ್ರೂ ನಿನ್ನ ಎಣಿಕೆ ಸಾಯಲ್ಲವಲ್ಲಯ್ಯ!”

ಸ್ಕೇಲು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ವೃತ್ತಿಯಲ್ಲಿ ದರ್ಜಿ, ಉಳಿದ ಹೊತ್ತಿನಲ್ಲಿ ಬೇಸ್ ಗಿಟಾರಿನವ. ಬಟ್ಟೆಯಾಗಲಿ ರಾಗವಾಗಲಿ, ಅಳೆಯದೆ ಮುಟ್ಟುತ್ತಿರಲಿಲ್ಲ. ಹೀಗೆ ಹೆಸರಿಟ್ಟವನು ಬ್ಯಾಂಡಿನ ಡ್ರಮ್ಮಿನವ ಗುಡುಗು. ಆ ಗುಡುಗು ಮಂಗಳವಾರ ಮಧ್ಯಾಹ್ನ ಊಟ ಮಾಡಿ, “ಒಂದು ಗಳಿಗೆ ಒರಗ್ತೀನಿ” ಎಂದು ಹೆಂಡತಿಗೆ ಹೇಳಿ ಒರಗಿದವನು ಏಳಲಿಲ್ಲ. ಈಗ ಒಳಗಿನ ಸಭಾಂಗಣದಲ್ಲಿ ಮರದ ಪೆಟ್ಟಿಗೆಯೊಳಗೆ, ಜೀವಮಾನದಲ್ಲಿ ಮೊದಲ ಸಲ, ಸದ್ದಿಲ್ಲದೆ ಮಲಗಿದ್ದ.

ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಬ್ರೇಕು ನೋಡುವ ಮೆಕ್ಯಾನಿಕ್ ಆಗಿದ್ದವನು ಗುಡುಗು. ಮೂವತ್ತೆಂಟು ವರ್ಷದ ಹಿಂದೆ, ಮೂರು ಭಾನುವಾರಗಳಲ್ಲಿ, ಅವನು ಒಂದು ರೆಕಾರ್ಡು ಮಾಡಿದ. ಅದರ ಹೆಸರು ‘ಬ್ರೇಕ್ ಫೇಲ್’. ಏಳು ತುಣುಕು. ತಲೆ ಜಾಝಿನದು, ಸೊಂಟ ಫಂಕಿನದು. ಡ್ರಮ್ಮಿನವರು ಸಾಮಾನ್ಯವಾಗಿ ಹಿಂದಿನ ಸಾಲಿನ ಪ್ರಾಣಿಗಳು. ಈ ರೆಕಾರ್ಡಿನಲ್ಲಿ ಡ್ರಮ್ಮಿನವನೇ ಯಜಮಾನ. ರಟ್ಟಿನ ಮೇಲೆ ಅವನು ಹಳೇ ಟೈರುಗಳ ರಾಶಿಯ ಮೇಲೆ ಸಿಂಹಾಸನವೇರಿದಂತೆ ಕೂತಿದ್ದ. ಹಿಂದೆ, ಸ್ವಲ್ಪ ಮಸುಕಾಗಿ, ಕೀಬೋರ್ಡಿನ ಟೀಚರು ಮತ್ತು ಬೇಸಿನ ಸ್ಕೇಲು.

ಇವತ್ತೂ ಹಾಗೇ ಆಯಿತು. ಡ್ರಮ್ಮುಗಳನ್ನು ಪೆಟ್ಟಿಗೆಯ ಮುಂದೆ ಜೋಡಿಸಿದರು. ಜನರು ಹಿಂದೆ ಕೂತರು. ಡ್ರಮ್ಮಿನ ಹಿಂದಿನ ಸ್ಟೂಲು ಮಾತ್ರ ಖಾಲಿ.

ಸ್ಕೇಲು ಬೆಳಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಮೂವತ್ತೆಂಟು ವರ್ಷ ನುಂಗಿಕೊಂಡದ್ದನ್ನು ಇವತ್ತು ಉಗುಳಬೇಕು. ಹೇಳದಿದ್ದರೆ ಅದು ಪೆಟ್ಟಿಗೆಯ ಜೊತೆ ಬೂದಿಯಾಗುತ್ತದೆ. ಹೇಳಿದರೆ, ಗುಡುಗಿನ ರೆಕಾರ್ಡಿನ ಅತ್ಯಂತ ಚೆಂದದ ಕ್ಷಣ ಬರೀ ಒಂದು ಎಡವಟ್ಟು ಎಂದು ಅವನ ಹೆಣದ ಎದುರೇ ಸಾರಿದಂತಾಗುತ್ತದೆ. ಎರಡರಲ್ಲಿ ಯಾವುದು ಕಮ್ಮಿ ಪಾಪ ಎಂದು ಅಳೆಯಲು ಅವನಲ್ಲಿ ಟೇಪು ಇರಲಿಲ್ಲ.

*

ರೆಕಾರ್ಡಿಂಗ್ ನಡೆದದ್ದು ಹಾಸಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಸದ್ದು ಹೊರಗೆ ಹೋಗದಿರಲೆಂದು ನಾಲ್ಕೂ ಗೋಡೆಗೆ ಮಾರಾಟವಾಗದ ಹಾಸಿಗೆಗಳನ್ನು ನಿಲ್ಲಿಸಿದ್ದರು. ಸೆಖೆಗೆ ಹತ್ತಿಯ ವಾಸನೆ ಬರುತ್ತಿತ್ತು.

ಮೂರನೆಯ ತುಣುಕಿನ ಹೆಸರು ‘ಕೊನೆ ಸ್ಟಾಪು’. ಅದರ ನಡುವೆ ಎಲ್ಲರೂ ಕೈಬಿಡಬೇಕು. ಡ್ರಮ್ಮು ಒಂದೇ ಹದಿನಾರು ಏಟು ನಡೆಯಬೇಕು. ಹದಿನಾರು ಮುಗಿದದ್ದೇ ಸ್ಕೇಲು ಬೇಸಿನ ದಪ್ಪ ತಂತಿ ಹಿಡಿದು ಒಬ್ಬನೇ ಒಳಗೆ ಬರಬೇಕು. ಹದಿನೇಳು ಸಲ ನುಡಿಸಿದರು. ಹದಿನೇಳು ಸಲವೂ ಸ್ಕೇಲು ಕೂದಲೆಳೆ ತಪ್ಪದೆ ಬಂದ. ಹದಿನೇಳು ಸಲವೂ ಗುಡುಗು ತಲೆಯಾಡಿಸಿದ.

“ತಪ್ಪೇನಿದೆ ಹೇಳಪ್ಪ!” ಸ್ಕೇಲು ರೇಗಿದ.

“ತಪ್ಪಿಲ್ಲ. ಅದೇ ಕಷ್ಟ. ಹೊಲಿಗೆ ಸರಿಯಾಗಿದೆ, ಅಂಗಿ ಒಳಗೆ ಮನುಷ್ಯನೇ ಇಲ್ಲ.”

ಹತ್ತು ನಿಮಿಷ ಬಿಡುವು ಕೊಟ್ಟು ಹದಿನೆಂಟನೆಯ ಸಲ ಶುರು ಮಾಡಿದರು. ನಡುವಿನ ಜಾಗ ಬಂತು. ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು… ಸ್ಕೇಲಿನ ಬೆರಳು ಅವನ ಮಾತು ಕೇಳದೆ ತಂತಿಯ ಮೇಲೆ ಬಿತ್ತು. ಒಂದು ಏಟು ಮೊದಲೇ! ಆದರೆ ಅದೇ ಕ್ಷಣಕ್ಕೆ ಗುಡುಗಿನ ಕಾಲೂ ಕೈಯೂ ಒಟ್ಟಿಗೆ ಬಿದ್ದವು. ಜಾರಿದವನನ್ನು ನೆಲ ಮುಟ್ಟುವ ಮುನ್ನ ಯಾರೋ ಕಂಕುಳಿಗೆ ಕೈಹಾಕಿ ಎತ್ತಿದ ಹಾಗೆ. ತುಣುಕು ಮುಗ್ಗರಿಸಿ, ಆ ಮುಗ್ಗರಿಕೆಯಲ್ಲೇ ಮುಂದಕ್ಕೆ ಚಿಮ್ಮಿತು. ಟೀಚರ ಬೆರಳುಗಳಿಗೆ ಭೂತ ಹೊಕ್ಕಿತು. ಮುಗಿದಾಗ ಗುಡುಗು ಎರಡೂ ಕೋಲನ್ನು ಮೇಲಕ್ಕೆಸೆದು ಕೂಗಿದ:

“ಇದೇ! ಇನ್ನು ಯಾರೂ ಮುಟ್ಟಬೇಡಿ!”

“ಅದೂ… ನಾನು…” ಎಂದು ಸ್ಕೇಲು ಬಾಯಿ ತೆರೆದ. ಗುಡುಗು ಅವನನ್ನು ತಬ್ಬಿಕೊಂಡುಬಿಟ್ಟ. ಬೆವರಿದ ಎದೆಗೆ ಮೂಗು ಒತ್ತಿಹೋದ ಮೇಲೆ ಸತ್ಯ ಹೇಳುವುದಾದರೂ ಹೇಗೆ?

ರೆಕಾರ್ಡು ಹೊರಬಂತು. ಆ ಒಂದು ಕ್ಷಣಕ್ಕಾಗಿಯೇ ಜನ ಅದನ್ನು ಮತ್ತೆ ಮತ್ತೆ ಹಾಕಿಕೊಂಡರು. ‘ಬೇಸಿನವನ ಧೈರ್ಯ ನೋಡ್ರೀ’ ಎಂದರು. ಅವರ ಮಕ್ಕಳು ಆ ಎಂಟು ಸೆಕೆಂಡನ್ನು ಕತ್ತರಿಸಿ ತಮ್ಮ ಹಾಡುಗಳಿಗೆ ತೇಪೆ ಹಾಕಿಕೊಂಡರು. ಪ್ರತಿ ಹೊಗಳಿಕೆಯೂ ಸ್ಕೇಲಿಗೆ ಬೇರೆಯವರ ಅಂಗಿ ತೊಟ್ಟಂತೆ ಕಂಕುಳಲ್ಲಿ ಹಿಡಿಯುತ್ತಿತ್ತು.

*

ಸಭಾಂಗಣದಲ್ಲಿ ಡಿಪೋದವರದ್ದೇ ನಾಲ್ಕು ಸಾಲು. ಮೊದಲು ಎದ್ದು ನಿಂತವನು ಒಬ್ಬ ಮುದಿ ಡ್ರೈವರ್.

“ಈ ನನ್ಮಗ ಒಂದಿನ ಮ್ಯಾನೇಜರ್ ದನೀಲಿ ಫೋನ್ ಮಾಡಿ, ‘ನಿನಗೆ ಮೂರು ದಿನ ರಜೆ ಕೊಟ್ಟಿದ್ದೀನಿ ಕಣಯ್ಯ, ಮಲಕ್ಕೋ’ ಅಂದ. ನಾನು ನಿಜ ಅಂತ ಮಲಕ್ಕೊಂಡೆ! ನಾಲ್ಕನೇ ದಿನ ಹೋದ್ರೆ, ನಿಜವಾದ ಮ್ಯಾನೇಜರ್ ಚಪ್ಪಲೀಲಿ ಹೊಡಿಯೋದೊಂದು ಬಾಕಿ.”

“ರಜೆ ಕೊಟ್ಟೆನಲ್ಲ ಆಮೇಲೆ,” ಎಂದು ಎರಡನೇ ಸಾಲಿನಿಂದ ನಿವೃತ್ತ ಮ್ಯಾನೇಜರ್ ಕಣ್ಣೊರೆಸಿಕೊಳ್ಳುತ್ತ ಹೇಳಿದರು. “ನನ್ನ ದನಿ ನನಗಿಂತ ಅವನಿಗೇ ಚೆನ್ನಾಗಿ ಒಪ್ಪುತ್ತಿತ್ತು.”

ಜನ ನಕ್ಕರು. ಡ್ರೈವರ್ ನಗಲಿಲ್ಲ.

“ಇನ್ನೊಂದಿದೆ. ಅವನು ಚಕ್ರಕ್ಕೆ ಸುತ್ತಿಗೇಲಿ ಟಣ್ ಅಂತ ಒಂದೇಟು ಹಾಕಿ ಕಿವಿ ಕೊಡ್ತಿದ್ದ. ಒಂದು ಬೆಳಗ್ಗೆ ನನ್ನ ಗಾಡಿಗೆ ಹೊಡೆದು, ‘ಇದು ಸುಳ್ಳು ಹೇಳ್ತಿದೆ, ಹೊರಡಬೇಡ’ ಅಂದ. ಗಾಡಿ ತುಂಬ ಜನ. ಎಲ್ಲರೂ ಇವನ ವಂಶ ಎಲ್ಲ ಬೈದು ಇಳಿದ್ರು. ಬಿಚ್ಚಿ ನೋಡಿದ್ರೆ ಒಳಗಡೆ ಉದ್ದಕ್ಕೂ ಬಿರುಕು. ಆವತ್ತಿನ ದಾರಿ ಬೆಟ್ಟದ ಇಳಿಜಾರು. ಆ ನಲವತ್ತು ಜನಕ್ಕೆ ತಾವು ಬದುಕ್ಕೊಂಡಿದ್ದು ಇವತ್ತಿಗೂ ಗೊತ್ತಿಲ್ಲ.”

ಆತ ಕೂತ.

“ಮುಂದೆ ನೀವು, ಚಿಕ್ಕಪ್ಪ,” ಎಂದು ಗುಡುಗಿನ ಮಗಳು ಬಂದು ಮೆಲ್ಲಗೆ ಹೇಳಿದಳು. “ಹೇಳೋದಿದ್ರೆ ಹೇಳಿ. ಬಲವಂತ ಇಲ್ಲ.”

*

ಹೇಳಲು ಹೊರಡುವುದು ಸ್ಕೇಲಿಗೆ ಹೊಸದೇನಲ್ಲ. ಹೇಳದೆ ಬರುವುದೂ ಹೊಸದಲ್ಲ. ರೆಕಾರ್ಡು ಹೊರಬಂದ ದಿನ ಪ್ರತಿ ವರ್ಷ ಗುಡುಗಿನ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದರು. ಪ್ರತಿ ವರ್ಷವೂ ಸ್ಕೇಲು ಗಂಟಲು ಸರಿಮಾಡಿಕೊಂಡು, “ನಿನಗೊಂದು ಮಾತು ಹೇಳಬೇಕಿತ್ತು” ಎನ್ನುತ್ತಿದ್ದ. ಗುಡುಗು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಮಗು ಮೊದಲ ಹೆಜ್ಜೆ ಇಡುವುದನ್ನು ನೋಡುವವನಂತೆ ಮುಂದಕ್ಕೆ ಬಾಗುತ್ತಿದ್ದ.

“ಹೇಳೋ.”

“ಏನಿಲ್ಲ… ಕಾಫಿ ಚೆನ್ನಾಗಿದೆ.”

ಕಳೆದ ಸಲವೂ ಅದನ್ನೇ ಹೇಳಿದ. ಆವತ್ತು ಅತ್ತಿಗೆ ಇನ್ನೂ ಕಾಫಿಯನ್ನೇ ತಂದಿರಲಿಲ್ಲ.

*

ಸ್ಕೇಲು ಖಾಲಿ ಸ್ಟೂಲಿನ ಪಕ್ಕ ಹೋಗಿ ನಿಂತ. ಕೋಟಿನ ಗುಂಡಿ ಬಿಚ್ಚಿದ, ಹಾಕಿದ. ಕೆಮ್ಮಿದ.

“ಕ್ಷಮಿಸಿ… ಅದೂ… ‘ಕೊನೆ ಸ್ಟಾಪು’ ಎಲ್ಲರೂ ಕೇಳಿದ್ದೀರಿ. ನಡುವೆ ನಾನು ಬರ್ತೀನಲ್ಲ, ಅದನ್ನ ಧೈರ್ಯ ಅಂತೀರಿ. ಧೈರ್ಯ ಅಲ್ಲ. ತಪ್ಪು. ಹದಿನಾರು ಮುಗಿದ ಮೇಲೆ ಬರಬೇಕಾದವನು ಹದಿನೈದಕ್ಕೇ ಬಂದುಬಿಟ್ಟೆ. ಆಗ ಇವನು…” ಪೆಟ್ಟಿಗೆಯ ಕಡೆ ಕೈ ತೋರಿಸಿದ. “ಇವನು ಆಕಾಶದಲ್ಲಿದ್ದ ಕೈಯನ್ನ ಅಲ್ಲೇ ತಿರುಗಿಸಿ ನನ್ನ ಜೊತೆ ಬಿದ್ದ. ನನ್ನ ಮಾನ ಉಳಿಸಿದ. ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಎತ್ತಿ ಆಡಲಿಲ್ಲ. ಎಲ್ಲರನ್ನೂ ಗೋಳು ಹೊಯ್ಕೊಂಡವನು ನನ್ನನ್ನ ಮಾತ್ರ ಬಿಟ್ಟ. ಅಷ್ಟು ದೊಡ್ಡ ಮನುಷ್ಯ. ಅದನ್ನ ಅವನಿಗೇ ಹೇಳಬೇಕಿತ್ತು. ತಡ ಮಾಡಿದೆ.”

ಸ್ಕೇಲು ತಲೆ ತಗ್ಗಿಸಿ ನಿಂತ. ತೀರ್ಪು ಬರಲಿ ಎಂಬಂತೆ. ಬಂದದ್ದು ತೀರ್ಪಲ್ಲ. ಟೀಚರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದರು. ಅವರ ಭುಜ ಕುಲುಕುತ್ತಿತ್ತು.

“ಅಳಬೇಡಿ ಟೀಚರೇ,” ಎಂದ ಸ್ಕೇಲು.

ಗುಡುಗಿನ ಮಗಳು ಎದ್ದು ಬಂದಳು. ಕೈಯಲ್ಲೊಂದು ಹಳೇ ಟೇಪ್ ರೆಕಾರ್ಡರ್.

“ಚಿಕ್ಕಪ್ಪ, ಅಪ್ಪ ಇದನ್ನ ಕೊಟ್ಟು ನಾಲ್ಕು ವರ್ಷ ಆಯ್ತು. ‘ಅವನು ಬಾಯಿಬಿಟ್ಟರೆ ಹಾಕು, ಬಿಡದಿದ್ರೆ ನನ್ನ ಜೊತೇಲೇ ಸುಟ್ಟುಬಿಡು’ ಅಂದಿದ್ರು.”

ಅವಳು ಗುಂಡಿ ಒತ್ತಿದಳು. ಮೊದಲು ಸೊರ್ರೆನ್ನುವ ಸದ್ದು. ಆಮೇಲೆ ಹಾಸಿಗೆಗಳ ನಡುವೆ ಮಾತಾಡಿದಂಥ ದಪ್ಪ ದನಿ. ಮೂವತ್ತು ದಾಟದ ಗುಡುಗಿನದು.

“ಸ್ಕೇಲು ಮುಖ ತೊಳೀತಿದ್ದಾನೆ, ಬೇಗ ಕೇಳಿ. ಅವನು ನನ್ನ ಜೊತೆ ನುಡಿಸ್ತಿಲ್ಲ, ಲೆಕ್ಕದ ಜೊತೆ ನುಡಿಸ್ತಿದ್ದಾನೆ. ಈ ಸಲ ನಾನು ಹದಿನಾರನೇ ಏಟನ್ನೇ ನುಂಗಿಬಿಡ್ತೀನಿ. ಹದಿನೈದಕ್ಕೇ ಮುಗಿಸಿ, ನಾವಿಬ್ಬರೂ ಸೇರೋ ಏಟಿಗೆ ಕೈ ಎತ್ತುತ್ತೀನಿ. ಎಣಿಸ್ತಾ ಕೂತ್ರೆ ಬೀಳ್ತಾನೆ. ಕಿವಿ ಕೊಟ್ರೆ ಬರ್ತಾನೆ.”

“ಪಾಪ ಕಣೋ!” ಹರೆಯದ ಟೀಚರ ದನಿ.

“ಯಾರಾದ್ರೂ ಬಾಯಿಬಿಟ್ರೋ, ನಿಮ್ಮ ದನೀಲಿ ನಿಮ್ಮ ಮನೆಗೆ ಫೋನ್ ಮಾಡ್ತೀನಿ.”

ಬಾಗಿಲು ಕಿರುಗುಟ್ಟಿತು. ಸ್ಕೇಲಿನದೇ ಎಳೆಯ ದನಿ: “ಶುರು ಮಾಡೋಣ್ವಾ? ಈ ಸಲ ತಪ್ಪಲ್ಲ.”

ಅಲ್ಲಿಗೆ ಟಕ್ಕೆಂದು ನಿಂತು, ಟೇಪು ಮತ್ತೆ ಹತ್ತಿಕೊಂಡಿತು. ಈಗ ಯಾರೋ ಕೆಮ್ಮಿದರು. ಸ್ಕೇಲಿನ ಕೆಮ್ಮು! ಆದರೆ ಸ್ಕೇಲಿನ ಬಾಯಿ ಮುಚ್ಚಿತ್ತು.

“ಕ್ಷಮಿಸಿ… ಅದೂ… ಹದಿನೈದಕ್ಕೇ ಬಂದುಬಿಟ್ಟೆ… ನನ್ನ ಮಾನ ಉಳಿಸಿದ… ದೊಡ್ಡ ಮನುಷ್ಯ…”

ಅದೇ ಎಳೆತ, ಅದೇ ತಡವರಿಕೆ, ‘ಮನುಷ್ಯ’ ಎನ್ನುವಾಗ ದನಿ ಒಡೆಯುವುದೂ ಅದೇ. ಆಮೇಲೆ ಗುಡುಗು ತನ್ನ ಮುದಿ ದನಿಗೆ ಬಂದ.

“ನಾನೇನೂ ಉಳಿಸಲಿಲ್ಲ ಕಣೋ ಪೆದ್ದ. ನಾನು ತಳ್ಳಿದೆ, ನೀನು ಹಾರಿದೆ. ಆವತ್ತೊಂದು ದಿನ ಎಣಿಕೆ ಬಿಟ್ಟು ನನ್ನ ನಂಬಿ ಬಂದೆ. ಮಾರನೇ ದಿನವೇ ಹೇಳೋಣ ಅಂತಿದ್ದೆ. ನಿನ್ನ ಮುಖ ನೋಡಿದೆ. ಇವನೇ ಬಂದು ಒಪ್ಕೋತಾನೆ, ಆಗ ಹೇಳಿದ್ರೆ ಮಜಾ ಜಾಸ್ತಿ ಅನ್ನಿಸ್ತು. ಕಾದೆ. ನೀನು ಕಾಫಿ ಹೊಗಳ್ತಾ ಹೋದೆ. ಇಷ್ಟು ಹೊತ್ತು ಕಾಯಿಸ್ತೀಯ ಅಂತ ಗೊತ್ತಿದ್ರೆ ಈ ತಮಾಷೇನೇ ಮಾಡ್ತಿರಲಿಲ್ಲ, ಸತ್ಯವಾಗ್ಲೂ.”

ಟೇಪು ನಿಂತಿತು.

ಸ್ಕೇಲು ಟೀಚರ ಕಡೆ ತಿರುಗಿದ. “ನಿಮಗೆ ಗೊತ್ತಿತ್ತಾ?”

“ಮೂವತ್ತೆಂಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀನಪ್ಪ. ಎರಡು ಹೆತ್ತಿದ್ದು ಇದಕ್ಕಿಂತ ಸುಲಭ ಇತ್ತು.”

“ಅತ್ತಿಗೆ?”

“ನನಗೆ ಮದುವೆ ವಾರದಲ್ಲೇ ಹೇಳಿದ್ರು,” ಎಂದರು ಗುಡುಗಿನ ಹೆಂಡತಿ. ಅಳುವೂ ನಗುವೂ ಅವರ ಮುಖದಲ್ಲಿ ಜಾಗಕ್ಕಾಗಿ ನೂಕಾಡುತ್ತಿದ್ದವು.

“ಇಡೀ ಡಿಪೋಗೇ ಗೊತ್ತಿತ್ತು ಕಣ್ರೀ,” ಎಂದರು ಮ್ಯಾನೇಜರ್.

ಸ್ಕೇಲಿಗೆ ನಗು ಒತ್ತರಿಸಿ ಬಂತು. ಮೊದಲು ಮೂಗಿನಿಂದ ಗೊರ್ರೆಂದಿತು. ಆಮೇಲೆ ಬಾಯಿಯಿಂದ. ಅವನು ದೊಡ್ಡ ಡ್ರಮ್ಮಿನ ಅಂಚು ಹಿಡಿದು ಬಾಗಿದ. ನಗುವಿನ ಹೊಡೆತಕ್ಕೆ ಡ್ರಮ್ಮು ತಾನೇ ಗುಂಯ್‌ಗುಟ್ಟಿತು. ಎಲ್ಲರೂ ನಕ್ಕರು, ಎಲ್ಲರ ನಗುವೂ ಒಂದು ಹಂತಕ್ಕೆ ಬಂದು ತಣಿಯಿತು. ಅವನದು ತಣಿಯಲಿಲ್ಲ. ಕೋಟಿನ ಗುಂಡಿ ಕಿತ್ತು ಹಾರಿತು. ತಾನೇ ಹೊಲಿದ ಗುಂಡಿ. ಅದನ್ನು ನೋಡಿ ಇನ್ನಷ್ಟು ನಕ್ಕ. ನಿಲ್ಲಲಾರದೆ ಖಾಲಿ ಸ್ಟೂಲಿನ ಮೇಲೆ ಕುಸಿದು, ತೊಡೆ ತಟ್ಟಿಕೊಂಡು, ಲೆಕ್ಕವಿಲ್ಲದೆ, ತಾಳವಿಲ್ಲದೆ ನಕ್ಕ.

ಬಾಗಿಲ ಹೊರಗೆ ಮುಂದಿನ ಸರದಿಯ ಮನೆಯವರು ಕಪ್ಪು ಬಟ್ಟೆಯಲ್ಲಿ ಕಾದು ನಿಂತಿದ್ದರು. ಅವರಲ್ಲೊಬ್ಬ ಮುದುಕಿ ಬಾಗಿಲು ಒಂದಿಷ್ಟೇ ಸರಿಸಿ ಒಳಗೆ ಇಣುಕಿದಳು. ಡ್ರಮ್ಮುಗಳ ನಡುವೆ ಕೂತು ಕಣ್ಣೀರು ಸುರಿಸುತ್ತ ಗಹಗಹಿಸುತ್ತಿದ್ದ ಆ ದರ್ಜಿಯನ್ನೇ ನೋಡುತ್ತ ನಿಂತಳು; ಯಾರು ಸತ್ತರು, ಯಾಕೆ ನಗು ಎಂದು ಕೇಳಬೇಕೆನ್ನುವಷ್ಟರಲ್ಲಿ, ಅವಳ ತುಟಿಯ ಒಂದು ಕೊನೆ ಅವಳನ್ನು ಕೇಳದೆಯೇ ಮೇಲಕ್ಕೇರಿತು.